ತಳ

ಮಲಾವಿ ಸರೋವರದ ಸೆಂಗಾ ಕೊಲ್ಲಿ ಸಂತೆಯಲ್ಲಿ
ಎನಿಫಾ ಒಣಗಿದ ಉಸಿಪಾ ಮೀನನ್ನು
ತಗಡಿನ ಲೋಟದಲ್ಲಿ ಅಳೆದು ಮಾರುತ್ತಾಳೆ.
ಪಕ್ಕದಲ್ಲಿ ಟೊಮೇಟೊ ಗುಪ್ಪೆ ಹಾಕಿಕೊಂಡು ನಾನು.
ಹನ್ನೊಂದು ವರ್ಷದಿಂದ ಒಂದೇ ಗೋಣಿಯ ನೆರಳು.

ಆ ಲೋಟದ ತಳ
ಎರಡು ಬೆರಳು ಒಳಗೆ ಉಬ್ಬಿತ್ತು.
ಸುತ್ತಿಗೆ ನನ್ನದೇ.
ಕೇಳಿದ್ದಳು, ಕೊಟ್ಟಿದ್ದೆ. ಯಾಕೆಂದು ಕೇಳಿರಲಿಲ್ಲ.

ಈಸ್ಟರ್ ಮುಂಜಾನೆ
ಎದೆಮಟ್ಟ ನೀರಲ್ಲಿ ನಿಂತ ಪಾಸ್ಟರ್ ಚಿಸಾಲೆ
ಅವಳನ್ನು ಮುಳುಗಿಸಿ ಎತ್ತಿದಾಗ
ದಡದಲ್ಲಿ ಅವಳ ಚಪ್ಪಲಿ ಹಿಡಿದು ನಗುತ್ತಿದ್ದೆ:
ಮೀನಿನವಳಿಗೆ ನೀರೇನು ಹೊಸದೇ!

ಮಂಗಳವಾರ ಮತ್ತೆ ಸುತ್ತಿಗೆ ಕೇಳಿದಳು.
ಲೋಟದೊಳಗೆ ಠಣ್, ಠಣ್.
ಸಂತೆಯೆಲ್ಲ ತಿರುಗಿ ನೋಡಿತು.
ತಳ ಇಳಿಯಿತು, ಸಣ್ಣದೊಂದು ಬಿರುಕು ಬಿಟ್ಟು.
ಬಂದವರಿಗೆಲ್ಲ "ಇಷ್ಟು ದಿನ ಮೋಸ ಮಾಡಿದೆ" ಎನ್ನುತ್ತ
ಒತ್ತಿ, ಅಲುಗಿಸಿ, ಗೋಪುರ ಕಟ್ಟಿ ಸುರಿದಳು.
ಒಬ್ಬಳು ಬೈದಳು. ಒಬ್ಬ ಉಗಿದು ಹೋದ.
ಇವಳ ಮುಖದಲ್ಲೋ
ಹಾಲುಹಲ್ಲು ಬಿದ್ದ ಮಗುವಿನ ನಗು.

"ಹುಚ್ಚೀ, ಲಾಭವೆಲ್ಲಿ?" ಅಂದೆ.
"ಆತ ನನ್ನನ್ನು ತಳದವರೆಗೂ ಕಂಡ,
ಕಂಡೂ ಕೈಬಿಡಲಿಲ್ಲ ಕಣೇ" ಅಂದಳು,
ಮೀನಿನ ಹೊಟ್ಟು ಮೆತ್ತಿದ ಕೈಯಲ್ಲೇ
ಕಣ್ಣೊರೆಸಿಕೊಂಡು, ಮತ್ತೆ ನಕ್ಕು.

ನಾನಿನ್ನೂ ನೀರಿಗಿಳಿದಿಲ್ಲ.
ಭಾನುವಾರ ಕರೆದರೆ ಮಂಡಿನೋವು ಅನ್ನುತ್ತೇನೆ.
ಆದರೆ ಇವತ್ತು
ಅವಳು ಉಪ್ಪು ತರಲು ಹೋದ ಹೊತ್ತಲ್ಲಿ
ಗುಪ್ಪೆಯ ಅಡಿ ಬಚ್ಚಿಟ್ಟ ಕೊಳೆತ ಟೊಮೇಟೊಗಳನ್ನು
ಒಂದೊಂದಾಗಿ ಹೊರತೆಗೆದೆ.
ಒಂಬತ್ತು.
ಯಾರದೋ ಆಡಿಗೆ ಎಸೆದೆ.

ಗುಪ್ಪೆ ಕುಗ್ಗಿತು.
ಯಾಕೋ
ಶಿಳ್ಳೆ ಹಾಕಬೇಕೆನಿಸಿತು.