ಕಿಸೆ ಹೊಲಿಯುವವಳು

ಕೌಲ್ ಬಜಾರಿನ ಈ ತಗಡಿನ ಶೆಡ್ಡಿನಲ್ಲಿ
ಹದಿನಾರು ವರ್ಷದಿಂದ ನಾನು ಕಿಸೆ ಮಾತ್ರ ಹೊಲಿಯುತ್ತೇನೆ.
ಕಾಲು ಹೊಲಿಯುವವರು ಬೇರೆ, ಸೊಂಟದ ಪಟ್ಟಿಯವರು ಬೇರೆ,
ಗುಂಡಿ ಬಡಿಯುವ ಗಾದಿಲಿಂಗ ಆ ಮೂಲೆಯಲ್ಲಿ.
ಪ್ಯಾಂಟು ಪೂರ್ತಿಯಾಗಿ ನನ್ನ ಕಣ್ಣಿಗೆ ಬೀಳುವುದು
ಬೀದಿಯಲ್ಲಿ, ಯಾರದೋ ಮೈಮೇಲೆ.
ಆಗಲೂ ನೋಡುವುದು ಕಿಸೆಯನ್ನೇ.

ಕಿಸೆಗೆ ಬಾಯಿ ಒಂದೇ ಇರಬೇಕು.
ಮೂಲೆಗೆ ಮೂರು ಸಲ ಹೊಲಿಗೆ ಹಾಯಬೇಕು.
ಒಡೆಯನ ಕೈಗೆ ಸಲೀಸು, ಪಕ್ಕದವನ ಕೈಗೆ ಇಕ್ಕಟ್ಟು.
ಇಷ್ಟೇ ನನ್ನ ವಿದ್ಯೆ.

ಕಳೆದ ವರ್ಷ ಹೆಂಗಸರ ಪ್ಯಾಂಟಿನ ಆರ್ಡರ್ ಬಂತು.
ಕಿಸೆ ಕಾಣಬೇಕು, ಇರಬಾರದು ಅಂದರು.
ಅಂಚು ಮಡಿಚಿ, ಜೋಡಿ ಹೊಲಿಗೆ ಎಳೆದು, ಮೇಲೊಂದು ರಿವಿಟ್ಟು.
ಬೆರಳು ಹಾಕಿದರೆ ಉಗುರೂ ಇಳಿಯದು.
ಎಂಟು ಸಾವಿರ ಸುಳ್ಳು ಕಿಸೆ ಹೊಲಿದೆ.
ದರ ಮಾತ್ರ ನಿಜದ ಕಿಸೆಗಿಂತ ಐದು ಪೈಸೆ ಹೆಚ್ಚು.

ಮೊನ್ನೆ ರಾತ್ರಿ ಬಂಡಿಹಟ್ಟಿಯಲ್ಲಿ ಕರೆಂಟು ಹೋಯಿತು.
ಬ್ಯಾಟರಿ ಬೆಳಕಿಗೆಂದು ಮಗಳು ಹಾಕಿಕೊಟ್ಟ ಆ್ಯಪು ತೆರೆದರೆ
ನಿನ್ನ ನಂಬರುಗಳನ್ನೆಲ್ಲ ನೋಡಲೇ ಅಂತ ಕೇಳಿತು.
ಬೆಳಕು ಕೊಡುವುದಕ್ಕೆ
ಸಿರುಗುಪ್ಪದ ನನ್ನಕ್ಕನ ನಂಬರು ಯಾಕೆ?
ಕತ್ತಲಲ್ಲೇ ಕೂತೆ.
ಆಮೇಲೆ ಒಂದೊಂದರ ಒಳಗೂ ಕೈ ಹಾಕಿ ನೋಡುತ್ತ ಹೋದೆ.
ಹಾಡಿನ ಆ್ಯಪಿಗೆ ನಾನಿರುವ ಜಾಗ ಗೊತ್ತು.
ಪಂಚಾಂಗಕ್ಕೆ ನನ್ನ ಮೈಕು.
ಅಮಾವಾಸ್ಯೆ ಎಂದು ಅಂತ ಹೇಳಲು ನನ್ನ ಉಸಿರು ಕೇಳಬೇಕೇ?
ಮತ್ತೆ ಆ ಬಣ್ಣಬಣ್ಣದ ಕೀಬೋರ್ಡು:
ನಾನು ಒತ್ತಿದ್ದೆಲ್ಲ ಎಲ್ಲಿಗೋ ಹೋಗಬಹುದಂತೆ,
ಸಣ್ಣ ಅಕ್ಷರದಲ್ಲಿ ಅದೇ ಬರೆದುಕೊಂಡಿದೆ.
ಡಾಕ್ಟರಮ್ಮನಿಗೆ ಬರೆದದ್ದು,
ಬರೆದು, ನಾಚಿ, ಅಳಿಸಿದ್ದು ಕೂಡ.
ಮೇಲೊಂದು ಬೀಗದ ಚಿತ್ರ.
ಜೋಡಿ ಹೊಲಿಗೆ. ರಿವಿಟ್ಟು.

ಮಿಲ್ಲರ್‌ಪೇಟೆಯ ಎರ್ರಿಸ್ವಾಮಿಯ ಮೊಬೈಲ್ ಅಂಗಡಿಗೆ ಹೋದೆ.
ಏನೂ ಕೇಳದಂಥದ್ದು ಇದ್ದರೆ ಹಾಕಿಕೊಡಪ್ಪ ಅಂದೆ.
ನಕ್ಕ. ‘ಅಕ್ಕಾ, ನಿನ್ ಹತ್ರ ಕದಿಯಾಕ ಏನೈತಿ?’
ಚಾರ್ಜರ್ ಕೊಳ್ಳಲು ಬಂದವರೂ ನಕ್ಕರು.

‘ದುಡ್ಡಿಲ್ಲದವನ ಪ್ಯಾಂಟಿಗೂ ಕಿಸೆ ಐದು,
ಸಾವ್ಕಾರನ ಪ್ಯಾಂಟಿಗೂ ಐದೇ.
ಇವನ ಹತ್ರ ಏನಿಲ್ಲ, ಕಿಸೆ ಬಿಟ್ಟುಬಿಡು ಅಂತ
ಹದಿನಾರು ವರ್ಷದಾಗ ಒಬ್ಬ ಮಾಲಕನೂ ನನಗ ಹೇಳಿಲ್ಲ.’

ಆತ ಏನೂ ಅನ್ನಲಿಲ್ಲ. ಅರ್ಧ ಗಂಟೆ ಹುಡುಕಿದ.
ಕಿತ್ತು ಹಾಕಿದ್ದು ಒಂಬತ್ತು, ಉಳಿಸಿದ್ದು ನಾಲ್ಕು.
ಬೂದುಬಣ್ಣದ ಒಂದು ಕೀಬೋರ್ಡು ಕೂರಿಸಿದ,
ಗೊಂಬೆಯಿಲ್ಲ, ಗಂಟೆಯಿಲ್ಲ,
ಹೊರಗೆ ಹೋಗುವ ದಾರಿಯೇ ಇದಕ್ಕಿಲ್ಲ ಅಂದ.
ದುಡ್ಡು ಬೇಡ ಅಂದ.
ಕೊಟ್ಟೆ. ಪುಕ್ಕಟೆಯದು ಸಾಕಾಗಿತ್ತು.

ಬೀಗಕ್ಕೆ ಬೆರಳು ಇಡು ಅಂದ.
ಸೂಜಿ ತಿಂದ, ನೀಲಿ ಕುಡಿದ ಹೆಬ್ಬೆರಳು,
ರೇಷನ್ ಅಂಗಡಿಯಲ್ಲೂ ನನ್ನನ್ನು ನಾನಲ್ಲ ಅನ್ನುತ್ತದೆ.
ಹಂಗಾದ್ರ ಹುಟ್ಟಿದ ತಾರೀಖು ಹಾಕಕ್ಕ.
ಜೂನ್ ಒಂದು.
ನಮ್ಮ ಮೇಷ್ಟ್ರು ಓಣಿಗೆಲ್ಲ ಅದನ್ನೇ ಬರೆದಿದ್ದಾರೆ,
ಓಣಿಗೆ ಓಣಿಯೇ ಬಂದು ನನ್ನ ಬೀಗ ತೆಗೆದೀತು.
ಬೇರೆ ಆರು ಅಂಕಿ ಒತ್ತಿದೆ.
ನಾನು ಹೇಳುವ ಮುಂಚೆಯೇ ಎರ್ರಿಸ್ವಾಮಿ
ಮುಖ ಆ ಕಡೆ ತಿರುಗಿಸಿದ್ದ. ಅದೊಂದು ಮೆಚ್ಚಿದೆ.

ಈಗ ಟೈಪು ನಿಧಾನ.
ಮುಂದಿನ ಮಾತು ಯಾರೂ ಊಹಿಸಿಕೊಡುವುದಿಲ್ಲ.
ಒತ್ತು ಸಿಗದೆ ಮೊದಲ ದಿನ
ಹೊನ್ನೂರಮ್ಮ ಅನ್ನುವ ನಾನು ಹೊನೂರಮ ಆಗಿ ಕೂತೆ.
ಎರಡನೆಯ ದಿನ ನ-ಕಾರದ ಒತ್ತು ಸಿಕ್ಕಿತು,
ಮೂರನೆಯ ದಿನ ಮ-ಕಾರದ್ದು.

ಇವತ್ತು ಊಟದ ಹೊತ್ತಲ್ಲಿ, ಬಟ್ಟೆಗುಡ್ಡೆಯ ಹಿಂದೆ,
ಒಬ್ಬರಿಗೆ ನಾಲ್ಕು ಸಾಲು ಬರೆದೆ.
ಗಾದಿಲಿಂಗ ಕತ್ತು ಚಾಚಿದ, ಏನಕ್ಕ ಅದು ಅಂದ.
ಊಟ ಆತಾ ಅಂತ ಕೇಳೀನಿ, ಅಂದೆ.
ಎಂಟು ಸಾವಿರ ಹೊಲಿದ ಕೈ ನನ್ನದು.