ಡಬಲ್ ಸ್ಟ್ಯಾಂಡ್

ಹಾಕುವಾಗ ಏನೂ ಅನಿಸಲಿಲ್ಲ.
ಬೈತಖೋಲದ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ
ಸ್ಟ್ಯಾಂಡಿನ ಕಿವಿ ಮೆಟ್ಟಿದ್ದೇ ತಡ
ಬುಲೆಟ್ಟು ತಾನಾಗಿ ಹಿಂದೆ ಸರಿದು
ಎರಡು ಕಾಲ ಮೇಲೆ ಕೂತುಬಿಟ್ಟಿತು,
ಊಟ ಮುಗಿಸಿದ ಬೀಗರು
ಗೋಡೆಗೆ ಒರಗಿದ ಹಾಗೆ.

ಅದು ನನ್ನದಲ್ಲ, ಭಾವ ವಿಶ್ರಾಮನದು.
ನನ್ನ ಮೊಪೆಡ್ಡು ಕೋಡಿಬಾಗದ ಗ್ಯಾರೇಜಿನಲ್ಲಿ
ಹೊಟ್ಟೆ ಬಿಚ್ಚಿಕೊಂಡು ಮೂರು ದಿನ.
ಇದು ನೂರಾ ತೊಂಬತ್ತು ಕಿಲೋ ಅಂತೆ.
ನಾನು ಐವತ್ತೊಂದು, ಚಿಲ್ಲರೆ ಚೀಲ ಸೇರಿಸಿ.
ಪಿಗ್ಮಿಯವ ಎಂದು ಊರು ಕರೆಯುವುದು
ಕೆಲಸಕ್ಕೋ ಮೈಗೋ
ಇಪ್ಪತ್ತು ವರ್ಷದಲ್ಲಿ ನಾನೂ ಕೇಳಿಲ್ಲ, ಅವರೂ ಹೇಳಿಲ್ಲ.

ಐಸ್ ಫ್ಯಾಕ್ಟರಿಯಲ್ಲಿ ಐವತ್ತು,
ಬಲೆ ಹೊಲಿಯುವ ಇನಾಸನದು ಮೂವತ್ತು,
ಚಾದಂಗಡಿಯಲ್ಲಿ 'ನಾಳೆ'.
ರಶೀದಿ ಹರಿದು ಕೊಟ್ಟು ವಾಪಸು ಬಂದು
ಹ್ಯಾಂಡಲ್ ಹಿಡಿದು ನೂಕಿದೆ.
ಇಲ್ಲ.
ಸೀಟಿನ ಹಿಂದೆ ಹೆಗಲು ಕೊಟ್ಟೆ.
ಹಿಂದಿನ ಚಕ್ರ ಗಾಳಿಯಲ್ಲೇ ಅರ್ಧ ಸುತ್ತು ತಿರುಗಿ
ಏನು ಬೇಕಿತ್ತು ಎಂಬಂತೆ ನಿಂತಿತು.

ಬಲೆಯ ಗುಡ್ಡೆಯ ಮೇಲಿನ ಹುಡುಗರಿಗೆ ಕೆಲಸ ಸಿಕ್ಕಿತು.
ಹತ್ತಿ ಕೂತು ಜಿಗಿ ಎಂದ ಒಬ್ಬ.
ಹತ್ತಿದೆ. ಎರಡೂ ಕಾಲು ನೆಲಕ್ಕೆ ಎಟುಕದೆ
ಸಲೂನಿನ ಕುರ್ಚಿಯ ಹಲಗೆ ಮೇಲೆ ಕೂತ ಮಗುವಾದೆ.
ಜಿಗಿದೆ ಕೂಡ. ಟೋಪಿ ಬಿತ್ತು.
ಇನ್ನೊಬ್ಬ ಗೇರು ಹಾಕು ಎಂದ.
ಮೂರನೆಯವ ಏನೂ ಹೇಳದೆ ಫೋನು ತೆಗೆದ.

ಆಗ ಬಂದವಳು ಮಾಣಿಕಬಾಯಿ ತಾಂಡೇಲ,
ಪುಸ್ತಕ ನಂಬರು ಇನ್ನೂರಾ ಹದಿನಾಲ್ಕು,
ದಿನಕ್ಕೆ ಇಪ್ಪತ್ತು, ದೋಣಿ ಇಳಿಯದ ಎರಡು ತಿಂಗಳು ಖಾಲಿ.
ಬಂಗಡೆ ಬುಟ್ಟಿ ಕೆಳಗಿಟ್ಟು
ಸೆರಗಿಗೆ ಕೈ ಒರೆಸಿ
ನನ್ನನ್ನು ನೋಡಲಿಲ್ಲ, ಚಕ್ರ ನೋಡಿದಳು.
ಒಂದು ಸುತ್ತು ಬಂದಳು.
ಯಾರದೋ ದೋಣಿಗೆ ಒತ್ತಿಟ್ಟ ಕಲ್ಲು ತಂದು
ಟಯರಿನ ಹಿಂದೆ ಇಟ್ಟು ಕಾಲಲ್ಲಿ ಸರಿಮಾಡಿದಳು.

"ಎತ್ತೂಕೆ ಹೋಗ್ತೆ ಎಂತಕ್ಕೆ?
ದೋಣಿ ಯಾರಾದ್ರೂ ಎತ್ತೂದು ಉಂಟ?
ತೆರೆ ಬರೂ ತನಕ ಕಾಯೂದು."
"ಇಲ್ಲೆಲ್ಲಿ ತೆರೆ ಮಾರಾಯ್ತಿ, ಡಾಂಬರು."
"ಹಂಗಾರೆ ನೀನೇ ಮಾಡು."

ತೂಗಿದೆ. ಒಂದು ಬೆರಳಷ್ಟು ಮುಂದೆ.
ಹಿಂದೆ ಬಂತು, ತಡೆಯಲು ಹೋದೆ, ಬೈದಳು:
ಅದು ಬಂದಷ್ಟೂ ಬಿಡು,
ಹೋಗುವಾಗ ಮಾತ್ರ ನೀ ಇರು.
ಎರಡು ಬೆರಳು. ಎಲ್ಲೋ ಅಡಿಯಲ್ಲಿ ಸ್ಪ್ರಿಂಗು ಕುಂಯ್ ಎಂದಿತು.
ಹಿಂದೆ.
ಮುಂದೆ, ಒಂದು ಗೇಣು.
ಹಿಂದೆ, ಈಗ ನನ್ನ ಮೊಣಕಾಲೂ ಜೊತೆಗೆ,
ಬಂದರಿನ ಬೋಟುಗಳೆಲ್ಲ ಹಗ್ಗ ಜಗ್ಗುತ್ತ
ಅದೇ ಲೆಕ್ಕದಲ್ಲಿ ತೂಗುತ್ತಿದ್ದುದು
ಆವತ್ತೇ ಕಂಡದ್ದು.

ಟಣ್.

ನೂರಾ ತೊಂಬತ್ತು ಕಿಲೋ
ಒಂದು ಗಳಿಗೆ ಯಾರ ಕೈಯಲ್ಲೂ ಇರಲಿಲ್ಲ.
ಆಮೇಲೆ ಪೂರಾ ನನ್ನ ಕೈಗೆ ಬಂತು.
ಟಯರು ಕಲ್ಲಿಗೆ ಕೂತಿತು, ನಾನು ಬ್ರೇಕು ಹಿಡಿದೆ,
ಹೇಗೆ ಹಿಡಿದೆ ಎಂದರೆ
ಉಗುರೆಲ್ಲ ಬೆಳ್ಳಗೆ.

ಹುಡುಗ ಫೋನು ನೋಡಿ
ಶುರುವೇ ಒತ್ತಿರಲಿಲ್ಲ ಎಂದು ಹಲುಬಿದ.

ಮಾಣಿಕಬಾಯಿ ಸೊಂಟದ ಚೀಲ ಬಿಚ್ಚಿದಳು.
ಇಪ್ಪತ್ತರ ನೋಟು, ಒದ್ದೆ, ಅಂಚಿಗೊಂದು ಹುರುಪೆ.
ತೆಗೆದುಕೊಳ್ಳಲು ನನಗೆ ಕೈ ಖಾಲಿ ಇಲ್ಲ.
ಅವಳೇ ಅಂಗಿಯ ಕಿಸೆಗೆ ತುರುಕಿದಳು.
"ರಶೀದಿ..." ಎಂದೆ.
"ನಾಳೆ. ಬ್ರೇಕು ಬಿಡಬೇಡ."

ಹಾಗೇ ಹತ್ತಿದೆ. ಒಂದು ಕಾಲಿನ ತುದಿಬೆರಳು ಎಟುಕಿತು.
ಇಂಜಿನ್ನು ಗುಡುಗಿದ ಮೇಲೆ
ಕಲ್ಲನ್ನು ಕಾಲಲ್ಲೇ ಸರಿಸುತ್ತ
ಅದರ ದೋಣಿಯತ್ತ ನಡೆದಳು.

ಸೊಸಾಯಿಟಿಯ ಎದುರು ನೆಲ ಸಪಾಟು.
ಅಲ್ಲಿ ಒಂಟಿ ಸ್ಟ್ಯಾಂಡು ಹಾಕಿ ಇಳಿದೆ,
ಅದನ್ನೂ ಎರಡು ಸಲ ಒದ್ದು ನೋಡಿ.
ಲೆಕ್ಕದಲ್ಲಿ ಇಪ್ಪತ್ತು ಹೆಚ್ಚು ಬಂತು.
ಕ್ಯಾಶಿಯರು ಕನ್ನಡಕದ ಮೇಲಿಂದ ನೋಡಿದ.
ಹುರುಪೆ ಕೆರೆದು ತೆಗೆದು ನೋಟು ಮುಂದೆ ಸರಿಸಿ,
ಬರೆಯುವಾಗ
ಕೈ ಇನ್ನೂ ಹಿಂದೆ ಮುಂದೆ:
ಇನ್ನೂರಾ ಹದಿನಾಲ್ಕು.