ಗುರುವಾರದ ಉಗುರು

ಪವಿತ್ರ ಗುರುವಾರ ಗುರುಗಳು ಪಾದ ತೊಳೆಯುತ್ತಾರೆಂದು
ಬೆಳಿಗ್ಗೆಯೇ ನಾನು ಪಾದ ತೊಳೆದುಕೊಳ್ಳುತ್ತಿದ್ದೆ.
ಹಿಮ್ಮಡಿಗೆ ಉಜ್ಜುಗಲ್ಲು, ಬೆರಳ ಸಂದಿಗೆ ಹಳೆಯ ಬ್ರಷ್ಷು,
ಮೇಲೊಂದು ತೊಟ್ಟು ಕೊಬ್ಬರಿಯೆಣ್ಣೆ.
ಹನ್ನೆರಡು ಜನರ ಬೆಂಚಿನಲ್ಲಿ ಐದನೆಯ ಜಾಗ ನನ್ನದು,
ಎಂಟು ವರ್ಷದಿಂದ.
ಬಿಳಿ ಟವೆಲು, ಹಿತ್ತಾಳೆ ಬೋಗುಣಿ, ಉಗುರುಬೆಚ್ಚಗಿನ ನೀರು.
ತೊಳೆಯಲು ಏನನ್ನೂ ಉಳಿಸದೆ
ಕಾಲು ಚಾಚಿದವರು ನಾವು.

ಆರೋಗ್ಯಮ್ಮ ಆ ಬೆಂಚಿನ ಮೇಲೆ ಕೂತವಳಲ್ಲ.
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ
ಯಾವ ದೇಶದವರೋ ತೊಡುವ ಅಂಗಿಗಳ
ದಾರದ ತುದಿ ಕತ್ತರಿಸಿದವಳು.
ಈಗ ಗುರುವಾರ ಗುರುವಾರ ಬೌರಿಂಗ್ ಆಸ್ಪತ್ರೆಗೆ ಬರುತ್ತಾಳೆ.
ಪರ್ಸಿನಲ್ಲಿ ಜಪಸರ, ಸೊನ್ನೆ ರೂಪಾಯಿಯ ಬಸ್ ಟಿಕೇಟು,
ಎರಡು ನೇಲ್‌ಕಟರು:
ಒಂದು ಕೈಗೆ, ಒಂದು ಕಾಲಿಗೆ.

ಗುರುವಾರವೇ ಯಾಕೆಂದರೆ
ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದಂತೆ,
ಶನಿವಾರ ಬೇಡವೇ ಬೇಡ,
ದೀಪ ಹಚ್ಚಿದ ಮೇಲೆ ಯಾರೂ ಕೈ ನೀಡುವುದಿಲ್ಲ.
'ಅವರವರ ನಂಬಿಕೆ ಕಣಣ್ಣಾ,
ಅದನ್ನೂ ನಾನ್ಯಾಕೆ ಕತ್ತರಿಸಲಿ?'
ಗುರುವಾರಕ್ಕೂ ತಕರಾರು ತೆಗೆದವನೊಬ್ಬನಿದ್ದ,
ರಾಯರ ಭಕ್ತ.
ಅವನೊಬ್ಬನಿಗಾಗಿ ಬುಧವಾರ ಬೇರೆ ಬಂದಳು.

ನನ್ನ ಸ್ಕೂಟರು ಟ್ಯಾನರಿ ರಸ್ತೆಯ ಗುಂಡಿಗೆ ಇಳಿದು
ತೊಡೆಯ ಮೂಳೆ ಮುರಿದು
ಮೂರು ವಾರ ಅದೇ ವಾರ್ಡಿನಲ್ಲಿ ಮಲಗಿದ್ದೆ.
ಎಡಕ್ಕೆ ಯಾದಗಿರಿಯ ಸಾಬಣ್ಣ,
ಮೆಟ್ರೋ ಕಂಬಕ್ಕೆ ಕಬ್ಬಿಣ ಕಟ್ಟುವವನು,
ಉಗುರೊಳಗೆ ಸಿಮೆಂಟು ಗಟ್ಟಿಯಾಗಿತ್ತು.
ನೆನೆಸಿ, ಒರೆಸಿ, ನೆನೆಸಿ, ಅರ್ಧ ಗಂಟೆ.
ಬಲಕ್ಕೆ ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಚಾಂದ್ ಪಾಷ.
ಕಿರುಬೆರಳ ತುದಿಯಲ್ಲಿ ಮಾತ್ರ
ಮಗಳ ಮದುವೆಯ ಗೋರಂಟಿ ಇನ್ನೂ ಕೆಂಪಗೆ.
'ಅದೊಂದು ಬಿಡಮ್ಮಾ' ಅಂದ.
ಬಿಟ್ಟಳು.
ಒಂಬತ್ತು ಉಗುರು ಪೇಪರಿನ ಮೇಲೆ,
ಒಂದು ಮದುವೆ ಅವನ ಕೈಯಲ್ಲಿ.

ನನ್ನ ಮಂಚಕ್ಕೆ ಬಂದಾಗ
ಒಂದು ಕಾಲು ತೂಕದ ಕಲ್ಲಿಗೆ ಕಟ್ಟಿತ್ತು, ಅಲುಗಿಸಲಾಗಲಿಲ್ಲ.
ಇನ್ನೊಂದನ್ನು ಹೊದಿಕೆಯೊಳಗೆ ಎಳೆದುಕೊಂಡೆ.
ಇಪ್ಪತ್ತು ದಿನ ನೀರು ಕಾಣದ ಕಾಲು.
'ನಿಮ್ಮ ಕೈಯಲ್ಲಿ ಬೇಡ' ಅಂದೆ.
ಪೇತ್ರನೂ ಇದನ್ನೇ ಅಂದಿದ್ದನೆಂದು ಆಗ ಹೊಳೆಯಲಿಲ್ಲ;
ಹೊಳೆದಿದ್ದರೆ ಅದಕ್ಕೂ ಸ್ವಲ್ಪ ಬೀಗುತ್ತಿದ್ದೆ.
ಆರೋಗ್ಯಮ್ಮ ಕನ್ನಡಕ ಒರೆಸಿಕೊಂಡಳು.
'ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಣ್ಣಾ?
ಕೊಡಿ ಕಾಲು.'

ಕಟ್. ಕಟ್.
ಫ್ಯಾನಿನ ಗೊರಕೆಗಿಂತ ಸಣ್ಣ ಸದ್ದು.
ಉಪದೇಶವಿಲ್ಲ, ಪ್ರಾರ್ಥನೆಯ ಚೀಟಿ ಕೊಡಲಿಲ್ಲ,
ಹಾಲಿನ ರೇಟು ಏರಿದ್ದು ಹೇಳಿದಳು,
ಸೊಸೆ ಹೊಸ ಕುಕ್ಕರು ಕೊಂಡದ್ದು.
ಒಳಮುಖವಾಗಿ ಬೆಳೆದ ಹೆಬ್ಬೆರಳ ಉಗುರಿಗೆ ಬಂದಾಗ
ಉಸಿರು ಹಿಡಿದು 'ಯೇಸುವೇ' ಅಂದಳು,
ಅದೂ ತನಗೆ ಮಾತ್ರ ಕೇಳುವಷ್ಟು.
ಪೇಪರು ಮಡಿಸಿದಳು, ಕಡಲೆಕಾಯಿ ಪೊಟ್ಟಣದ ಹಾಗೆ,
ಮುಂದಿನ ಮಂಚಕ್ಕೆ ಹೋದಳು.

ಈಗ ಊರುಗೋಲು ಹಿಡಿದು ನಾನೂ ಹೋಗುತ್ತೇನೆ.
ಉಗುರು ತೆಗೆಯಲು ಇನ್ನೂ ಬಿಟ್ಟಿಲ್ಲ,
'ಚರ್ಮ ಕತ್ತರಿಸಿಬಿಡ್ತೀರಿ' ಅನ್ನುತ್ತಾಳೆ.
ಪೇಪರು ಹಿಡಿಯುವುದಷ್ಟೇ ನನ್ನ ಕೆಲಸ.
ಈ ವರ್ಷ ಐದನೆಯ ಜಾಗದಲ್ಲಿ ಯಾರು ಕೂತರೋ ಕೇಳಲಿಲ್ಲ.
ಕೇಳಬೇಕೆನಿಸಿತ್ತು, ಸುಳ್ಳು ಯಾಕೆ.

ಮೊನ್ನೆ ಮನೆಗೆ ಬಂದು ಅಂಗಿ ಬಿಚ್ಚಿದರೆ
ಜೇಬಿನ ಅಂಚಿನಲ್ಲೊಂದು ಉಗುರಿನ ಚೂರು,
ಸಿಡಿದು ಬಂದು ಕೂತದ್ದು, ಬಿದಿಗೆ ಚಂದ್ರನಷ್ಟು ಬಾಗಿದ್ದು.
ಯಾರದೋ.
ದೀಪದ ಕೆಳಗೆ ಹಿಡಿದು ತುಂಬ ಹೊತ್ತು ನೋಡಿದೆ.
ಎಸೆಯಲು ಕೈ ಬರಲಿಲ್ಲ.
ಆಮೇಲೆ ಎಸೆದೆ,
ಉಗುರು ತಾನೇ,
ಬೆಳೆಯುತ್ತದೆ.